ತಲೆಕೆಳಗಾಗಿ ಕೂತ ಬಾಬಣ್ಣ

ನಾನು ಬಾಬಣ್ಣನನ್ನು ಮೊದಲ ಸಲ ನೋಡಿದಾಗ ಅವರು ತಲೆಕೆಳಗಾಗಿ ನೇತಾಡುತ್ತಿದ್ದರು.

ಬಹರೈನಿನ ದಕ್ಷಿಣದ ಮರಳುಗಾಡಿನಲ್ಲಿ ಒಂದು ಗುರುವಾರ ಮಧ್ಯಾಹ್ನ. ಹಳದಿ ಬಣ್ಣದ ಹಳೆಯ ಕಾರೊಂದು ನಾಲ್ಕೂ ಚಕ್ರಗಳನ್ನು ಆಕಾಶಕ್ಕೆ ಮಾಡಿ ಮಗುಚಿ ಬಿದ್ದಿತ್ತು. ಸುತ್ತ ಏಳೆಂಟು ಜನ ಸುಮ್ಮನೆ ನಿಂತಿದ್ದರು. ಒಬ್ಬ ವಾಚು ನೋಡುತ್ತಿದ್ದ. ಕಾರಿನ ಒಳಗೆ ಒಬ್ಬ ಮನುಷ್ಯ ಸೀಟಿಗೆ ಬೆಲ್ಟು ಬಿಗಿದುಕೊಂಡು ಬಾವಲಿಯ ಹಾಗೆ ಜೋತುಬಿದ್ದಿದ್ದ. ನನಗೆ ಅದು ಆ ಜಾಗದಲ್ಲಿ ಮೊದಲ ದಿನ. "ಅಯ್ಯೋ ದೇವರೇ, ಯಾರೂ ತೆಗೀತಾ ಇಲ್ಲವಲ್ಲ!" ಎಂದು ಕೂಗುತ್ತ ಔಷಧದ ಪೆಟ್ಟಿಗೆ ಹಿಡಿದು ಓಡಿದೆ. ಮರಳಲ್ಲಿ ಮೊಣಕಾಲೂರಿ ಕಿಟಕಿಯೊಳಗೆ ತಲೆ ಹಾಕಿದರೆ, ರಕ್ತ ಇಳಿದು ಕೆಂಪಾಗಿದ್ದ ಆ ಮುಖ ಅರಳಿತು.

"ಓ, ಕನ್ನಡದವರಾ? ಯಾವ ಊರು ಸಿಸ್ಟರ್?"

"ಹೊನ್ನಾವರ" ಎಂದೆ, ನಾಡಿ ನೋಡಲು ಅವರ ಕೈ ಹುಡುಕುತ್ತ.

"ಹೌದಾ? ನಾನು ಕಾರ್ಕಳದವ. ಬಾಬು ಆಚಾರಿ. ನನಗೆ ಎಂಥದೂ ಆಗ್ಲಿಲ್ಲ ಮಾರಾಯ್ರೆ, ಹೆದರ್ಬೇಡಿ. ಐದು ನಿಮಿಷಕ್ಕೆ ಇನ್ನೂ ಎರಡು ನಿಮಿಷ ಬಾಕಿ ಉಂಟು. ಹೇಗೂ ಬಂದಿದ್ದೀರಿ, ನಿಮ್ಮ ಬಲಗಡೆಯ ಆ ಪೈಪಿಗೆ ಒಮ್ಮೆ ಕೈ ಇಟ್ಟು ನೋಡಿ. ಬಗ್ಗಿದೆಯಾ?"

ಬಗ್ಗಿರಲಿಲ್ಲ. ಕಾರಿನ ಪೂರ್ತಿ ಭಾರ ಹೊತ್ತುಕೊಂಡು ಆ ಪೈಪು ನೆಟ್ಟಗೆ ನಿಂತಿತ್ತು. ಅದಕ್ಕೂ ಅವರ ತಲೆಗೂ ನಡುವೆ ಒಂದು ಗೇಣು ಜಾಗ. ಎರಡು ನಿಮಿಷ ಕಳೆದ ಮೇಲೆ ವಾಚಿನವನು ಕೂಗಿದ. ಜನ ಸೇರಿ ಕಾರನ್ನು ಮತ್ತೆ ಚಕ್ರದ ಮೇಲೆ ನಿಲ್ಲಿಸಿದರು. ಬಾಬಣ್ಣ ಕಿಟಕಿಯಿಂದ ಹೊರಗೆ ಬಂದು, ಲುಂಗಿಯನ್ನು ಕೊಡವುವಂತೆ ಪ್ಯಾಂಟನ್ನು ಕೊಡವಿ, ಪಕ್ಕದಲ್ಲಿ ನಿಂತಿದ್ದ ಇಂಗ್ಲಿಷ್ ಡ್ರೈವರನಿಗೆ "ಓಕೆ, ನೌ ಯು ಗೋ" ಎಂದರು. ಅವನು ನಮ್ಮ ಮನೆಯಲ್ಲಿ ಹಿರಿಯರು ಹೇಳಿದ್ದಕ್ಕೆ ತಲೆಯಾಡಿಸುವವರ ಹಾಗೆ ತಲೆಯಾಡಿಸಿದ.

ಅದು ಎಪ್ಪತ್ತರ ದಶಕದ ಕೊನೆಯ ಮಾತು. ನಾನು ಮನಾಮಾದ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದೆ. ಚಳಿಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಅಲ್ಲಿನ ಪರದೇಶಿಗರ ಮೋಟಾರ್ ಕ್ಲಬ್ಬೊಂದು ರೇಸು ಇಡುತ್ತಿತ್ತು. ಪೆಟ್ಟಾದರೆ ನೋಡಲು ಒಬ್ಬ ನರ್ಸ್ ಬೇಕು ಎಂದು ಅವರು ಕೇಳಿದಾಗ ನಮ್ಮ ಮೇಟ್ರನ್ ನನ್ನ ಕಡೆ ನೋಡಿದರು. ಚರ್ಚಿನಲ್ಲಿ ಬೆಳಗಿನ ಪೂಜೆ ಮುಗಿಸಿ ಬಂದ ಮೇಲೆ ಹಾಸ್ಟೆಲಿನ ಶುಕ್ರವಾರಗಳು ಬಹಳ ಉದ್ದ ಅನ್ನಿಸುತ್ತಿದ್ದವು. ಒಪ್ಪಿಕೊಂಡೆ.

ಸ್ಟಾಕ್ ಕಾರ್ ರೇಸು ಅಂದರೆ ರೇಸಿಗೆಂದೇ ಹುಟ್ಟಿದ ಕಾರುಗಳ ಓಟ ಅಲ್ಲ. ರಸ್ತೆಯಲ್ಲಿ ಓಡಿ ಓಡಿ ಸವೆದ ಮಾಮೂಲು ಕಾರುಗಳನ್ನೇ ತರುವುದು. ಗಾಜು ಕಿತ್ತು, ಬಾಗಿಲಿಗೆ ಬೆಸುಗೆ ಹಾಕಿ ಮುಚ್ಚಿ, ಒಳಗೆ ಒಂದೇ ಸೀಟು ಉಳಿಸಿ, ಅದರ ಸುತ್ತ ಕಬ್ಬಿಣದ ಪೈಪುಗಳ ಪಂಜರ ಕಟ್ಟುವುದು. ರಿಫಾ ದಾಟಿ ದಕ್ಷಿಣಕ್ಕೆ ಹೋದರೆ ಬರೀ ಮರಳು, ಕಲ್ಲು, ದೂರದಲ್ಲಿ ಎಣ್ಣೆ ಬಾವಿಗಳ ಬೆಂಕಿ. ಅಲ್ಲಿ ಬುಲ್ಡೋಜರಿನಿಂದ ನೆಲ ಕೆರೆದು ಮೊಟ್ಟೆಯಾಕಾರದ ಒಂದು ದಾರಿ ಮಾಡಿದ್ದರು. ಎರಡು ತುದಿಗಳ ತಿರುವಿನಲ್ಲಿ ಮಣ್ಣು ಏರಿಸಿ ಬಾಣಲೆಯ ಅಂಚಿನಂತೆ ಓರೆ ಮಾಡಿದ್ದರು. ಸುತ್ತ ಹಳೆಯ ಟೈರುಗಳ ಗೋಡೆ. ಗುರುವಾರ ಮಧ್ಯಾಹ್ನ ಕಾರುಗಳ ತಪಾಸಣೆ, ಶುಕ್ರವಾರ ನಮಾಜು ಮುಗಿದ ಮೇಲೆ ರೇಸು.

ಮೊದಲ ಶುಕ್ರವಾರವನ್ನು ನಾನು ಈಗಲೂ ಮರೆತಿಲ್ಲ. ಹದಿನೆಂಟು ಕಾರುಗಳು ಒಂದರ ಹಿಂದೆ ಒಂದು ನಿಧಾನವಾಗಿ ಒಂದು ಸುತ್ತು ಬಂದವು, ಮೆರವಣಿಗೆಯ ಹಾಗೆ. ಆಮೇಲೆ ಹಸಿರು ಬಾವುಟ ಬೀಸಿದ್ದೇ ತಡ, ಎದೆಯೊಳಗೆ ಯಾರೋ ಡೋಲು ಬಡಿದಂತಾಯಿತು. ಸದ್ದು ಕಿವಿಯಿಂದ ಬರಲಿಲ್ಲ, ಕಾಲಡಿಯ ನೆಲದಿಂದ ಹತ್ತಿ ಬಂತು. ಕಾರುಗಳು ತಿರುವಿಗೆ ಬರುವಾಗ ನೇರವಾಗಿ ಬರುತ್ತಿರಲಿಲ್ಲ, ಅಡ್ಡಡ್ಡ ಜಾರಿಕೊಂಡು ಬರುತ್ತಿದ್ದವು. ಒಂದರ ಮೂತಿ ಇನ್ನೊಂದರ ಪಕ್ಕೆಗೆ ತಾಗಿ ತಗಡು ಕಿರುಚುತ್ತಿತ್ತು. ಧೂಳು ಎದ್ದು ಸೂರ್ಯ ತಾಮ್ರದ ತಟ್ಟೆಯಾದ. ಆ ಧೂಳಿನೊಳಗಿಂದ ಒಂದೊಂದೇ ಕಾರು ಹೊರಬಂದು ಮತ್ತೆ ಧೂಳಿನೊಳಗೆ ಹೋಗುತ್ತಿತ್ತು. ಜಪಮಾಲೆ ಕೈಯಲ್ಲಿತ್ತು, ಆದರೆ ಒಂದು ಮಣಿಯೂ ಮುಂದೆ ಹೋಗಲಿಲ್ಲ. ಹೆದರಿಕೆ ಎಷ್ಟೋ ಬೆರಗೂ ಅಷ್ಟೇ. ಮನುಷ್ಯರು ಹೀಗೂ ಮಾಡುತ್ತಾರೆಯೇ ಎಂದು.

ಆ ಹದಿನೆಂಟರಲ್ಲಿ ಹನ್ನೊಂದು ಕಾರುಗಳ ಪಂಜರ ಕಟ್ಟಿದವರು ಬಾಬಣ್ಣ. ಅವರು ಅದನ್ನು ಪಂಜರ ಅನ್ನುತ್ತಿರಲಿಲ್ಲ, "ಗೂಡು" ಅನ್ನುತ್ತಿದ್ದರು. ಸನದ್‌ನಲ್ಲಿ, ಸಿತ್ರಾಕ್ಕೆ ಹೋಗುವ ದಾರಿಯ ಬದಿಗೆ, ಒಬ್ಬ ಬಹರೈನಿ ಮಾಲೀಕರ ವೆಲ್ಡಿಂಗ್ ಶೆಡ್ಡಿನಲ್ಲಿ ಅವರಿಗೆ ಕೆಲಸ. ಮಾಲೀಕರನ್ನು ಎಲ್ಲರೂ ಅರ್ಬಾಬ್ ಎಂದೇ ಕರೆಯುತ್ತಿದ್ದರು. ಗೇಟು, ಕಿಟಕಿ, ನೀರಿನ ಟ್ಯಾಂಕು ಎಲ್ಲ ಮಾಡುತ್ತಿದ್ದ ಆ ಶೆಡ್ಡಿಗೆ ಒಬ್ಬ ಇಂಗ್ಲಿಷಿನವನು ಯಾವಾಗಲೋ ಕಾರು ತಂದನಂತೆ. ಅಲ್ಲಿಂದ ರೇಸಿನವರೆಲ್ಲ ಬಾಬಣ್ಣನನ್ನು ಹುಡುಕಿಕೊಂಡು ಬರತೊಡಗಿದರು.

ಕುಳ್ಳ ಮನುಷ್ಯ. ಅಗಲ ಭುಜ, ಮುಂಗೈಯ ತುಂಬ ಕಿಡಿ ಹಾರಿ ಸುಟ್ಟ ಸಣ್ಣ ಸಣ್ಣ ಬಿಳಿ ಚುಕ್ಕೆಗಳು. ಶರ್ಟಿನ ಜೇಬಿನಲ್ಲಿ ಯಾವಾಗಲೂ ಒಂದು ಸೀಮೆಸುಣ್ಣದ ತುಂಡು. ಅವರದು ಒಂದೇ ನಿಯಮ: ತಾನು ಕಟ್ಟಿದ ಗೂಡಿನಲ್ಲಿ ಮೊದಲು ತಾನು ಕೂರಬೇಕು, ಜನ ಸೇರಿ ಕಾರನ್ನು ಮಗುಚಬೇಕು, ಐದು ನಿಮಿಷ ಹಾಗೇ ಇರಬೇಕು. ಅದಾದ ಮೇಲೆಯೇ ಬೇರೆಯವರು ಹತ್ತಬಹುದು. ಕ್ಲಬ್ಬಿನ ತಪಾಸಣೆಯವರಿಗೆ ಇಂಥ ನಿಯಮವೇನೂ ಇರಲಿಲ್ಲ. ಅವರು ಅಳತೆ ನೋಡಿ ಸಹಿ ಹಾಕುತ್ತಿದ್ದರು. ಆದರೆ ಬಾಬಣ್ಣ ಮಗುಚಿದ ಕಾರನ್ನು ಅವರು ಅಳೆಯುವುದನ್ನೇ ಬಿಟ್ಟುಬಿಟ್ಟಿದ್ದರು.

"ಕಾರು ಓಡುವುದು ಇಂಜಿನಿನಿಂದ, ಬಾಯಮ್ಮ" ಎಂದು ಅವರು ನನಗೆ ಹೇಳುತ್ತಿದ್ದರು. ಎರಡನೆಯ ರೇಸಿನಿಂದಲೇ ನಾನು ಅವರಿಗೆ ಸಿಸ್ಟರಿನಿಂದ, ನಮ್ಮ ಕರಾವಳಿಯವರು ಕ್ರೈಸ್ತ ಹೆಂಗಸರನ್ನು ಕರೆಯುವಂತೆ, ಬಾಯಮ್ಮ ಆಗಿದ್ದೆ, ಅವರು ನನಗೆ ಬಾಬಣ್ಣ. "ಮನುಷ್ಯ ಮನೆಗೆ ಹೋಗುವುದು ಪೈಪಿನಿಂದ. ಇಂಜಿನಿಗೆ ಹೊಗಳುವವರು ತುಂಬ ಜನ ಇದ್ದಾರೆ. ಪೈಪಿಗೆ ನಾನೊಬ್ಬ ಇರ್ತೇನೆ."

ಇನ್ನೊಂದು ವಿಚಿತ್ರ. ಬಾಬಣ್ಣ ರೇಸು ನೋಡುತ್ತಲೇ ಇರಲಿಲ್ಲ. ಬಾವುಟ ಬೀಳುವ ಹೊತ್ತಿಗೆ ನನ್ನ ಔಷಧದ ಡೇರೆಯ ಪಕ್ಕ ಒಂದು ಖಾಲಿ ಡ್ರಮ್ಮನ್ನು ಬೋರಲು ಹಾಕಿ, ಓಟದ ದಾರಿಗೆ ಬೆನ್ನು ಮಾಡಿ, ಮರಳುಗಾಡಿನ ಕಡೆ ಮುಖ ಮಾಡಿ ಕೂರುತ್ತಿದ್ದರು. ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಂಡು ಕುಡಿಯುತ್ತ, ಬೆನ್ನ ಹಿಂದಿನ ಸದ್ದು ಕೇಳುತ್ತ. ಕಾರು ಕಾರಿಗೆ ಬಡಿದಾಗ "ಬಂಪರ್" ಅನ್ನುವರು. ಇನ್ನೊಂದು ಸಲ "ಈಗಿನದು ಬಾಗಿಲು" ಅನ್ನುವರು. ಜನ ಓ ಎಂದು ಕೂಗಿ ಎದ್ದು ನಿಂತರೆ ಲೋಟ ಕೆಳಗಿಟ್ಟು ಕಾಯುವರು. ಚಪ್ಪಾಳೆ ಕೇಳಿಸಿದರೆ, ಅಂದರೆ ಡ್ರೈವರ್ ಹೊರಗೆ ಬಂದು ನಿಂತ ಎಂದರೆ, ಮತ್ತೆ ಲೋಟ ಎತ್ತಿಕೊಳ್ಳುವರು.

"ನೋಡ್ಬಾರದಾ ಬಾಬಣ್ಣ? ಇಷ್ಟು ಚಂದ ಇದೆ" ಎಂದರೆ, "ನನ್ನ ಕೆಲಸ ನಿನ್ನೆಗೇ ಮುಗೀತಲ್ಲ ಬಾಯಮ್ಮ. ಇನ್ನು ನಾನು ನೋಡಿದ್ರೆ ಪೈಪು ಗಟ್ಟಿ ಆಗ್ತದಾ?" ಎಂದರು.

ಎರಡು ಚಳಿಗಾಲ ಹೀಗೆ ಹೋಯಿತು. ನಾನು ಉಳುಕಿದ ಕೈಗೆ ಪಟ್ಟಿ ಕಟ್ಟಿದೆ, ಕಣ್ಣಿಗೆ ಬಿದ್ದ ಮರಳು ತೊಳೆದೆ, ಬಿಸಿ ರೇಡಿಯೇಟರ್ ಮುಟ್ಟಿ ಸುಟ್ಟುಕೊಂಡವರಿಗೆ ಮುಲಾಮು ಹಚ್ಚಿದೆ. ಕಾರುಗಳು ಟೈರಿನ ಗೋಡೆ ಹತ್ತಿ ಹಾರಿದ್ದನ್ನು, ಪಲ್ಟಿ ಹೊಡೆದದ್ದನ್ನು ನನ್ನ ಕಣ್ಣಾರೆ ಕಂಡೆ. ನನ್ನ ಸ್ಟ್ರೆಚರ್ ಮಾತ್ರ ಮಡಿಸಿದ್ದು ಮಡಿಸಿದಂತೆಯೇ ಇತ್ತು.

ಮೂರನೆಯ ಚಳಿಗಾಲದಲ್ಲಿ ಅದನ್ನು ಬಿಚ್ಚಬೇಕಾಗಿ ಬಂತು. ಬಾಬಣ್ಣನಿಗಾಗಿಯೇ.

ಅರ್ಬಾಬರ ಮಗ ಖಾಲಿದ್ ಆ ವರ್ಷ ರೇಸಿಗೆ ಇಳಿದಿದ್ದ. ಇಪ್ಪತ್ತಮೂರೋ ಇಪ್ಪತ್ತನಾಲ್ಕೋ ವಯಸ್ಸು. ಅಪ್ಪನ ಶೆಡ್ಡಿನಲ್ಲಿ ನಮ್ಮವರ ನಡುವೆಯೇ ಬೆಳೆದವನಾದ್ದರಿಂದ ಹಿಂದಿ ಚೆನ್ನಾಗಿ ಮಾತಾಡುತ್ತಿದ್ದ, ಬಾಬಣ್ಣನ ಹತ್ತಿರ ಕಲಿತ ನಾಲ್ಕು ತುಳು ಮಾತು ಬೇರೆ. ಅಷ್ಟೊಂದು ಇಂಗ್ಲಿಷಿನವರ ಮಧ್ಯೆ ಓಡಿಸುತ್ತಿದ್ದ ಬಹರೈನಿಗಳು ಇಬ್ಬರೋ ಮೂವರೋ. ಅವನ ಕೆಂಪು ಕಾರು ಬಂದರೆ ಅವನ ಗೆಳೆಯರ ದಂಡೇ ಬರುತ್ತಿತ್ತು. ಮೊದಲ ಎರಡು ರೇಸಿನಲ್ಲಿ ಅವನು ಎರಡನೆಯವನಾದ. ಎರಡೂ ಸಲ ಗೆದ್ದದ್ದು ಒಬ್ಬನೇ, ನಾನು ಮೊದಲ ದಿನ ಮಗುಚಿದ್ದನ್ನು ಕಂಡಿದ್ದ ಆ ಹಳದಿ ಕಾರಿನವನು. ಒಂದು ಕಾರಿನ ಉದ್ದದಷ್ಟೇ ಅಂತರ.

ಮೂರನೆಯ ರೇಸಿನ ಗುರುವಾರ ಖಾಲಿದ್ ಕಾರು ಇಳಿಸಿದಾಗ ಬಾಬಣ್ಣ ವಾಡಿಕೆಯಂತೆ ಒಳಗೆ ತಲೆ ಹಾಕಿ ಪೈಪುಗಳ ಮೇಲೆ ಕೈಯಾಡಿಸಿದರು. ನಾನು ಹತ್ತಿರದಲ್ಲೇ ಇದ್ದೆ, ಚಹಾಕ್ಕೆಂದು ಕರೆಯಲು ಹೋಗಿದ್ದೆ. ಅವರ ಕೈ ಒಂದು ಕಡೆ ನಿಂತಿತು.

"ಛೋಟಾ ಅರ್ಬಾಬ್, ಈ ಬಣ್ಣ ಯಾವಾಗ ಹೊಡೆದದ್ದು?" ಹಿಂದಿಯಲ್ಲಿ ಕೇಳಿದರು.

"ಮೊನ್ನೆ. ಹಳೆಯದು ಕಿತ್ತುಹೋಗಿತ್ತು."

"ಬಣ್ಣ ಮಾತ್ರವಾ?"

"ಬಣ್ಣ ಮಾತ್ರ."

ಬಾಬಣ್ಣ ಅವನನ್ನು ನೋಡಿದರು. ಬಹಳ ಹೊತ್ತು ಅಲ್ಲ. ಆಮೇಲೆ ಕಿಟಕಿಯಿಂದ ಒಳಗೆ ಇಳಿದು ಸೀಟಿನಲ್ಲಿ ಕೂತು ಬೆಲ್ಟು ಎಳೆದುಕೊಂಡರು.

"ಇದನ್ನು ನವೆಂಬರಿನಲ್ಲೇ ಮಗುಚಿ ನೋಡಿದ್ದಲ್ಲ ಬಾಬು, ಮತ್ತೆ ಯಾಕೆ?" ಖಾಲಿದನ ದನಿ ಏರಿತು.

"ಬಣ್ಣ ಹೊಸದಲ್ಲವಾ? ಬಣ್ಣ ಗಟ್ಟಿ ಉಂಟಾ ನೋಡುವ" ಎಂದು ನಕ್ಕು, ಹೊರಗಿದ್ದವರಿಗೆ "ಚಲೋ, ಉಲ್ಟಾ ಕರೋ" ಎಂದರು.

ಜನ ಬಂದು ಕೈ ಹಾಕಿದರು. ನಾನು ಖಾಲಿದನ ಮುಖ ನೋಡಿದೆ. ವಾರ್ಡಿನಲ್ಲಿ ಎಷ್ಟೋ ಮುಖ ನೋಡಿದವಳು ನಾನು. ಏನೋ ಮುಚ್ಚಿಟ್ಟುಕೊಂಡು ಡಾಕ್ಟರ ಎದುರು ನಿಂತವರ ಮುಖ ಅದು. ಕಾರು ಒಂದು ಕಡೆಯಿಂದ ಮೇಲೆದ್ದಿತು. ಬದಿಯ ಮೇಲೆ ನಿಂತಿತು. ಆಗ ಅವನು "ವಕ್ಕಿಫ್! ರುಕೋ! ರುಕೋ!" ಎಂದು ಕಿರುಚಿ ಮುಂದೆ ನುಗ್ಗಿ ಎರಡೂ ಕೈಯಿಂದ ಚಾವಣಿಯನ್ನು ತಡೆಯಲು ನೋಡಿದ. ಅಷ್ಟರಲ್ಲಿ ಹಿಂದಿನವರು ಕೊನೆಯ ದೂಡು ದೂಡಿಯಾಗಿತ್ತು. ಯಾರೋ ಖಾಲಿದನ ಅಂಗಿ ಹಿಡಿದು ಎಳೆದದ್ದರಿಂದ ಅವನು ಕಾರಿನ ಅಡಿ ಸಿಕ್ಕಿಕೊಳ್ಳಲಿಲ್ಲ. ಕಾರು ಚಾವಣಿಯ ಮೇಲೆ ಬಿತ್ತು. ಬೇರೆ ಸಲ ಬರುತ್ತಿದ್ದದ್ದು ಒಂದೇ ಸದ್ದು. ಈ ಸಲ ಅದರ ಹಿಂದೆಯೇ ಇನ್ನೊಂದು ಬಂತು, ಹಸಿಕಟ್ಟಿಗೆ ಮುರಿದಂತೆ.

ಎಡಗಡೆಯ ಮುಂದಿನ ಪೈಪು ಮಡಚಿಕೊಂಡಿತ್ತು. ಚಾವಣಿ ಬಾಬಣ್ಣನ ಹೆಗಲ ಮೇಲೆ ಕೂತಿತ್ತು.

ಜನ ಕಾರನ್ನು ಎತ್ತಿ ಅವರನ್ನು ಹೊರಗೆ ತೆಗೆದರು. ಮುಖ ಬಿಳಿಚಿ ಬೆವರು ಇಳಿಯುತ್ತಿತ್ತು. ಎಡಗಡೆಯ ಕಾಲರ್ ಬೋನ್ ಮುರಿದದ್ದು ಮುಟ್ಟುವ ಮೊದಲೇ ನನಗೆ ಗೊತ್ತಾಯಿತು. ಸ್ಟ್ರೆಚರಿನ ಮೇಲೆ ಮಲಗಿಸಿ ಕೈಯನ್ನು ಎದೆಗೆ ಕಟ್ಟುತ್ತಿದ್ದಾಗ ಅವರು ಕನ್ನಡದಲ್ಲಿ ಮೆಲ್ಲಗೆ ಕೇಳಿದರು: "ಬಾಯಮ್ಮ, ಬೆಸುಗೆ ಬಿಟ್ಟದ್ದಾ, ಪೈಪು ಬಗ್ಗಿದ್ದಾ? ಸರಿಯಾಗಿ ನೋಡಿ ಹೇಳಿ."

ನೋಡಿ ಬಂದೆ. ಬೆಸುಗೆ ಹಾಗೇ ಇತ್ತು. ಮಡಚಿದ ಜಾಗದಲ್ಲಿ ಬಣ್ಣ ಸಿಡಿದು, ಪೈಪಿನ ಉದ್ದಕ್ಕೂ ಸಾಲಾಗಿ ಕೊರೆದ ತೂತುಗಳು ಕಾಣುತ್ತಿದ್ದವು. ಒಳಗೆ ಪುಟ್ಟಿ ತುಂಬಿ ಮೇಲೆ ಬಣ್ಣ ಬಳಿದಿದ್ದರು. ಭಾರ ಇಳಿಸಿದರೆ ಕಾರು ವೇಗ ಹೋಗುತ್ತದಲ್ಲ, ಆ ಒಂದು ಕಾರಿನ ಉದ್ದಕ್ಕಾಗಿ.

ಕ್ಲಬ್ಬಿನವರು ಸೇರಿದರು. ಯಾರು ಕೊರೆದದ್ದು ಎಂದು ಕೇಳಿದರು. ಬಾಬಣ್ಣ ಹೇಳಿದ್ದು ಇಷ್ಟೇ: "ಮೈ ವೆಲ್ಡಿಂಗ್ ಓಕೆ. ಪ್ಲೀಸ್ ಸೀ." ಅದನ್ನು ಮಾತ್ರ ಎರಡು ಸಲ ಹೇಳಿದರು. ಹೆಸರು ಹೇಳಲಿಲ್ಲ. ಅವರ ವೀಸಾ ಹುಡುಗನ ಅಪ್ಪನ ಕೈಯಲ್ಲಿದೆ, ಹೆಸರು ಹೇಳಿದರೆ ಏನಾಗುತ್ತದೆ ಎಂಬುದು ಅಲ್ಲಿದ್ದ ನಮ್ಮವರಿಗೆಲ್ಲ ಗೊತ್ತಿತ್ತು. ನನಗೂ. ನಾನೂ ಬಾಯಿ ಬಿಡಲಿಲ್ಲ, ಅದನ್ನು ಇಲ್ಲಿ ಹೇಳಿಬಿಡಬೇಕು.

ಆಗ ಖಾಲಿದ್ ಮುಂದೆ ಬಂದ. "ನಾನೇ" ಎಂದ. ಅರಬ್ಬಿಯಲ್ಲಿ ಒಮ್ಮೆ, ಇಂಗ್ಲಿಷಿನಲ್ಲಿ ಒಮ್ಮೆ, ಆಮೇಲೆ ಬಾಬಣ್ಣನ ಪಕ್ಕ ಮರಳಿನಲ್ಲಿ ಕೂತು ಹಿಂದಿಯಲ್ಲಿ ಒಮ್ಮೆ. "ನಾನೇ ಕೊರೆದದ್ದು, ಬಾಬು. ನೀನು ಕೇಳಿದಾಗ ಹೇಳಬೇಕಿತ್ತು."

"ಹೇಳ್ಬೇಕಿತ್ತು" ಎಂದರು ಬಾಬಣ್ಣ. ಅಷ್ಟೇ.

ಮರುದಿನ ಅರ್ಬಾಬ್ ಆಸ್ಪತ್ರೆಗೆ ಬಂದರು. ನಾನು ಆ ದಿನ ರೇಸಿಗೆ ಹೋಗಿರಲಿಲ್ಲ, ವಾರ್ಡಿನಲ್ಲೇ ಇದ್ದೆ. ಬಿಳಿ ಗಡ್ಡದ, ಕಡಿಮೆ ಮಾತಿನ ಮನುಷ್ಯ. ಮಗ ಬಾಗಿಲ ಹತ್ತಿರ ತಲೆ ತಗ್ಗಿಸಿ ನಿಂತಿದ್ದ. ಈಗ ಬಾಬಣ್ಣನಿಗೆ ಟಿಕೆಟ್ ಕೊಟ್ಟು ಊರಿಗೆ ಕಳಿಸುತ್ತಾರೆ ಎಂದೇ ನಾನು ಎಣಿಸಿದ್ದೆ. ಹೆಗಲು ಮುರಿದ ವೆಲ್ಡರ್ ಯಾರಿಗೆ ಬೇಕು? ಅರ್ಬಾಬ್ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತರು.

"ಬಾಬು, ಆ ಕಾರಿನಲ್ಲಿ ನನ್ನ ಮಗ ಕೂರಬೇಕಿತ್ತು" ಎಂದರು.

"ಹೌದು ಅರ್ಬಾಬ್."

"ಇನ್ನು ನೀನು ಕೂರು ಎಂದು ಹೇಳುವವರೆಗೆ ಅವನು ಕೂರುವುದಿಲ್ಲ." ಎದ್ದು ಹೊರಟವರು ಬಾಗಿಲ ಹತ್ತಿರ ನಿಂತು, "ನಿನಗೆ ಕೈ ಇಲ್ಲದಿದ್ದರೆ ಅವನಿಗೆ ಎರಡಿವೆ. ಕೆಲಸ ಮಾಡಿಸು" ಎಂದರು.

ಬಾಬಣ್ಣ ಅದನ್ನು ಅಕ್ಷರಶಃ ತೆಗೆದುಕೊಂಡರು. ಎಲುಬು ಕೂಡಲು ಆರೇಳು ವಾರ. ಆ ಆರೇಳು ವಾರ ಅವರು ಕೈಯನ್ನು ಕುತ್ತಿಗೆಗೆ ತೂಗುಹಾಕಿಕೊಂಡು ಶೆಡ್ಡಿನಲ್ಲಿ ಸ್ಟೂಲಿನ ಮೇಲೆ ಕೂತು ಮಾಲೀಕರ ಮಗನಿಗೆ ಬೆಸುಗೆ ಕಲಿಸಿದರು. ನನಗೆ ರಜೆಯಿದ್ದಾಗ ಅವರ ಹೆಗಲು ನೋಡಲು ಹೋಗುತ್ತಿದ್ದೆ. ಖಾಲಿದ್ ನೀಲಿ ಬಾಯ್ಲರ್ ಸೂಟು ಹಾಕಿ, ಮುಖಕ್ಕೆ ಕರಿಗಾಜು ಹಿಡಿದು ಬೆವರುತ್ತಿದ್ದ. ಅವನು ಮಾಡಿದ್ದನ್ನು ಬಾಬಣ್ಣ ಸೀಮೆಸುಣ್ಣದಿಂದ ಗೀಟು ಹಾಕಿ "ಕಾಟೋ" ಅನ್ನುವರು. ಅವನು ಕತ್ತರಿಸಿ ಮತ್ತೆ ಬೆಸೆಯುವನು. ಮತ್ತೆ ಗೀಟು. ಒಂದು ದಿನ ನಾನೇ ಎಣಿಸಿದೆ, ಒಂದೇ ಜೋಡಣೆಯನ್ನು ಒಂಬತ್ತು ಸಲ ಕತ್ತರಿಸಿದ. ಒಂಬತ್ತನೆಯ ಸಲ ಕರಿಗಾಜು ಕಿತ್ತು ನೆಲಕ್ಕೆ ಬಡಿದು ಹೊರಗೆ ಹೋದ. ಬಾಬಣ್ಣ ಅಲುಗಲಿಲ್ಲ. "ಬರ್ತಾನೆ" ಎಂದು ನನಗೆ ಹೇಳಿ ಚಹಾ ಕುಡಿದರು. ಕಾಲು ಗಂಟೆ ಬಿಟ್ಟು ಬಂದ.

ಅವನು ಹೊರಗೆ ಹೋಗಿದ್ದ ಆ ಕಾಲು ಗಂಟೆಯಲ್ಲಿ ನಾನು ಕೇಳಿಯೇಬಿಟ್ಟೆ. "ಬಣ್ಣ ನೋಡಿಯೇ ನಿಮಗೆ ಸಂಶಯ ಬಂದಿತ್ತು. ಒಂದು ಸುತ್ತಿಗೆ ತಗೊಂಡು ಬಡಿದು ನೋಡಬಹುದಿತ್ತಲ್ಲ. ನೀವೇ ಯಾಕೆ ಕೂರಬೇಕಿತ್ತು ಬಾಬಣ್ಣ?"

ಅವರು ಚಹಾದ ಲೋಟ ಕೆಳಗಿಟ್ಟರು.

"ಇಲ್ಲಿಗೆ ಬರುವ ಮೊದಲು ನಾನು ಊರಲ್ಲಿ ಬಸ್ಸಿನ ಬಾಡಿ ಕಟ್ತಿದ್ದೆ ಬಾಯಮ್ಮ. ನಾನು ಕಟ್ಟಿದ ಒಂದು ಬಸ್ಸು ಘಾಟಿಯ ತಿರುವಿನಲ್ಲಿ ಮಗುಚಿತು. ನೋಡ್ಲಿಕ್ಕೆ ಹೋದೆ. ಚಾವಣಿ ಸೀಟಿನ ಮಟ್ಟಕ್ಕೆ ಇಳಿದಿತ್ತು. ಪೊಲೀಸರು ಡ್ರೈವರನ್ನು ಕೇಳಿದ್ರು, ಕಂಡಕ್ಟರನ್ನು ಕೇಳಿದ್ರು, ಮಾಲೀಕರನ್ನು ಕೇಳಿದ್ರು. ಚಾವಣಿ ಕಟ್ಟಿದವ ಯಾರು ಅಂತ ಯಾರೂ ಕೇಳ್ಲಿಲ್ಲ. ನಾನು ಅಲ್ಲೇ ನಿಂತಿದ್ದೆ ಮಾರಾಯ್ರೆ, ಜನರ ಮಧ್ಯೆ. ಯಾರೂ ಕೇಳ್ಲೇ ಇಲ್ಲ." ಸ್ಟೂಲಿನಿಂದ ಎದ್ದು ಖಾಲಿದ್ ಬಡಿದು ಹೋಗಿದ್ದ ಕರಿಗಾಜನ್ನು ಒಂದು ಕೈಯಲ್ಲಿ ಎತ್ತಿ ಒರೆಸಿದರು. "ಈ ಹುಡುಗನನ್ನು ನಾನು ಕೇಳಿದೆ. ಅವ ಹೇಳ್ಲಿಲ್ಲ. ಸುತ್ತಿಗೆಯಲ್ಲಿ ಬಡಿದು ತೋರಿಸಿದ್ರೆ ಕಳ್ಳ ಸಿಕ್ಕಿಬಿದ್ದ ಹಾಗೆ ಆಗ್ತಿತ್ತು, ಅಷ್ಟೇ. ಮುಂದಿನ ಸಲ ಇನ್ನೂ ಚಂದ ಮುಚ್ಚಿಡ್ತಿದ್ದ. ಅವನೇ ಬಾಯಿ ಬಿಡ್ತಾನೆ ಅಂತ ನಾನು ಕೂತದ್ದು. ಬಿಟ್ಟ ಕೂಡ. ಸ್ವಲ್ಪ ತಡ ಆಯ್ತು."

ಹೆಗಲಿನ ಕಟ್ಟನ್ನು ನಾನು ಸುಮ್ಮನೆ ಮತ್ತೊಮ್ಮೆ ಬಿಗಿ ಮಾಡಿದೆ. ಬಿಗಿ ಮಾಡುವ ಅಗತ್ಯ ಇರಲಿಲ್ಲ.

ಆ ಋತುವಿನ ಕೊನೆಯ ರೇಸು ಮಾರ್ಚಿನಲ್ಲಿ. ಗುರುವಾರ ಕೆಂಪು ಕಾರು ಬಂತು. ಬಾಬಣ್ಣನ ಹೆಗಲು ಕೂಡಿತ್ತಾದರೂ ಬೆಲ್ಟಿಗೆ ಜೋತುಬೀಳಲು ನಾನು ಬಿಡಲಿಲ್ಲ. "ನಾನು ಯಾಕೆ ಕೂರ್ಲಿ? ಕಟ್ಟಿದವ ಕೂರ್ಬೇಕು" ಎಂದು ಅವರು ಖಾಲಿದನಿಗೆ ಕಣ್ಣಲ್ಲೇ ತೋರಿಸಿದರು. ಖಾಲಿದ್ ಕೂತ. ಜನ ಮಗುಚಿದರು. ಐದು ನಿಮಿಷ. ಬಾಬಣ್ಣ ಮರಳಲ್ಲಿ ಮಂಡಿಯೂರಿ ಕಿಟಕಿಯೊಳಗೆ ತಲೆ ಹಾಕಿ, ತಲೆಕೆಳಗಾದ ಮಾಲೀಕರ ಮಗನ ಹತ್ತಿರ ಅದೂ ಇದೂ ಮಾತಾಡುತ್ತಿದ್ದರು. ಒಂದು ಪೈಪೂ ಮಿಸುಕಲಿಲ್ಲ.

ಶುಕ್ರವಾರ ಗಾಳಿಯಿತ್ತು, ಧೂಳು ಎಂದಿಗಿಂತ ಹೆಚ್ಚು. ಅರ್ಬಾಬ್ ಮೊದಲ ಸಲ ರೇಸಿಗೆ ಬಂದು ಹಗ್ಗದ ಆಚೆ ನಿಂತಿದ್ದರು. ಬಾಬಣ್ಣ ಡ್ರಮ್ಮು ಹಾಕಿಕೊಂಡು ಕೂತರು. ಇಪ್ಪತ್ತು ಸುತ್ತಿನ ಓಟ. ಹದಿನಾಲ್ಕನೆಯ ಸುತ್ತಿಗೆ ಖಾಲಿದ್ ಹಳದಿ ಕಾರಿನ ಬೆನ್ನಿಗೆ ಬಂದಿದ್ದ. ನಾನು ಹಗ್ಗ ಹಿಡಿದು ನಿಂತಿದ್ದೆ. ಒಮ್ಮೆ ತಿರುಗಿ ನೋಡಿದರೆ ಬಾಬಣ್ಣ ಡ್ರಮ್ಮಿನ ಮೇಲಿರಲಿಲ್ಲ. ನನ್ನ ಪಕ್ಕದಲ್ಲೇ, ಓಟದ ಕಡೆ ಮುಖ ಮಾಡಿ ನಿಂತಿದ್ದರು. ಲೋಟ ಕೈಯಲ್ಲಿ ವಾಲಿ ಚಹಾ ಮರಳಿಗೆ ಸುರಿಯುತ್ತಿತ್ತು.

"ಏನು ಬಾಬಣ್ಣ, ನೋಡ್ತಾ ಇದ್ದೀರಿ?"

"ಇದು ನನ್ನ ಕೈಯ ಬೆಸುಗೆ ಅಲ್ವಲ್ಲ ಬಾಯಮ್ಮ. ಕೂರ್ಲಿಕ್ಕೆ ಆಗುವುದಿಲ್ಲ."

ಹದಿನಾರನೆಯ ಸುತ್ತಿನ ದೂರದ ತಿರುವಿನಲ್ಲಿ ಮುಂದಿದ್ದ ಒಂದು ಕಾರು ಸುತ್ತಿಕೊಂಡು ಅಡ್ಡ ನಿಂತಿತು. ಹಳದಿ ಕಾರು ಹೇಗೋ ಒಳಬದಿಯಿಂದ ನುಸುಳಿತು. ಖಾಲಿದನಿಗೆ ಜಾಗ ಇರಲಿಲ್ಲ. ಕೆಂಪು ಕಾರಿನ ಚಕ್ರ ಅಡ್ಡ ನಿಂತ ಕಾರನ್ನು ಹತ್ತಿತು. ಅದು ಮೇಲೆದ್ದದ್ದು ನಿಧಾನವಾಗಿ, ಯಾರೋ ಕೈಯಲ್ಲಿ ಎತ್ತಿದಂತೆ. ಗಾಳಿಯಲ್ಲೇ ಒಮ್ಮೆ ಹೊರಳಿತು. ನೆಲಕ್ಕೆ ಬಿದ್ದು ಇನ್ನೊಮ್ಮೆ. ಟೈರಿನ ಗೋಡೆಗೆ ಬಡಿದು ಮೂರನೆಯ ಸಲ ಹೊರಳಿ ಚಾವಣಿಯ ಮೇಲೆ ನಿಂತಿತು. ಧೂಳು ಅದನ್ನು ಮುಚ್ಚಿತು. ಕೆಂಪು ಬಾವುಟ ಹಾರಿತು, ಒಂದೊಂದೇ ಇಂಜಿನ್ ನಿಂತಿತು. ಆ ಬಯಲಿನಲ್ಲಿ ಅಷ್ಟು ಮೌನವನ್ನು ನಾನು ಹಿಂದೆ ಕೇಳಿರಲಿಲ್ಲ.

ಸ್ಟ್ರೆಚರಿನವರನ್ನು ಕರೆದುಕೊಂಡು ಓಡಿದೆ. ನನಗಿಂತ ಮುಂದೆ ಬಾಬಣ್ಣ ಓಡುತ್ತಿದ್ದರು. ಕಾಲು ಮರಳಲ್ಲಿ ಹೂತು ಒಮ್ಮೆ ಬಿದ್ದರು, ಎದ್ದರು. ನಾವು ಹತ್ತಿರ ಹೋಗುವ ಹೊತ್ತಿಗೆ ಧೂಳಿನೊಳಗೆ ಕಿಟಕಿಯಿಂದ ಒಂದು ಕೈ ಹೊರಗೆ ಬಂತು, ಮತ್ತೊಂದು ಕೈ, ಹೆಲ್ಮೆಟ್ಟು. ಖಾಲಿದ್ ಮೊಣಕೈ ಊರಿ ತೆವಳಿಕೊಂಡು ಹೊರಗೆ ಬಂದು ಎದ್ದು ನಿಂತ. ಮೂಗಿನಿಂದ ಒಂದಿಷ್ಟು ರಕ್ತ. ಅಷ್ಟೇ. ನಾನು ಅವನ ಕಣ್ಣುಗುಡ್ಡೆ ನೋಡಿದೆ, ಕುತ್ತಿಗೆ ಮುಟ್ಟಿದೆ, ಬೆರಳು ಆಡಿಸು ಎಂದೆ. ಎಲ್ಲ ಸರಿಯಿತ್ತು.

ಬಾಬಣ್ಣ ಅವನ ಕಡೆ ನೋಡಿರಲಿಲ್ಲ. ಮಗುಚಿದ ಕಾರಿನೊಳಗೆ ಅರ್ಧ ಮೈ ತೂರಿಸಿ ಒಂದೊಂದೇ ಜೋಡಣೆ ಮುಟ್ಟುತ್ತಿದ್ದರು. ಅವರು ಹೊರಗೆ ಬರುವವರೆಗೆ ಖಾಲಿದ್ ಅಲ್ಲೇ ನಿಂತು ಕಾದ, ಪರೀಕ್ಷೆಯ ಫಲಿತಾಂಶಕ್ಕೆ ಕಾಯುವವರಂತೆ. ಅವನ ಅಪ್ಪ ಓಡಿ ಬಂದು ಮಗನ ಭುಜ ಹಿಡಿದರು, ಮಗ ಮಾತ್ರ ಬಾಬಣ್ಣನ ಬೆನ್ನನ್ನೇ ನೋಡುತ್ತಿದ್ದ.

ಬಾಬಣ್ಣ ಹೊರಗೆ ಬಂದರು. ಮುಖದ ತುಂಬ ಮರಳು, ಕೆನ್ನೆಯ ಮೇಲೆ ಎರಡು ಒದ್ದೆ ಗೆರೆ.

"ಠೀಕ್ ಹೈ" ಎಂದರು.

ಆ ದಿನ ಗೆದ್ದವರು ಯಾರು ಎಂದು ನನಗೆ ನೆನಪಿಲ್ಲ.

ಮುಂದಿನ ವರ್ಷಗಳಲ್ಲಿ ಆ ಓಟ ನಿಂತುಹೋಯಿತು. ಇಂಗ್ಲಿಷಿನವರು ಒಬ್ಬೊಬ್ಬರಾಗಿ ಊರಿಗೆ ಹೋದರು, ಕ್ಲಬ್ಬು ಮುಚ್ಚಿತು. ಬಾಬಣ್ಣ ಮತ್ತೆ ಗೇಟು, ಕಿಟಕಿ, ಟ್ಯಾಂಕುಗಳಿಗೆ ಮರಳಿದರು. ಅರ್ಬಾಬ್ ತೀರಿಕೊಂಡ ಮೇಲೆ ಶೆಡ್ಡು ಖಾಲಿದನದಾಯಿತು. ಎಂಬತ್ತರ ದಶಕದ ನಡುವೆ ಒಂದು ದಿನ ಅವನೇ ಬಾಬಣ್ಣನನ್ನು ಕೈ ಹಿಡಿದು ನಮ್ಮ ಆಸ್ಪತ್ರೆಗೆ ಕರೆತಂದ. ಎದುರು ನೋಡಿದರೆ ನಡುವೆ ಒಂದು ಕಪ್ಪು ಮಚ್ಚೆ, ಸುತ್ತ ಮಾತ್ರ ಮಸುಕಾಗಿ ಕಾಣುತ್ತದೆ ಎಂದರು ಬಾಬಣ್ಣ. ಚಿಕ್ಕಂದಿನಲ್ಲಿ ಊರಿನ ವರ್ಕ್‌ಶಾಪಿನಲ್ಲಿ ಕರಿಗಾಜು ಇಲ್ಲದೆ ಬೆಸುಗೆ ನೋಡಿ ನೋಡಿ ಕಣ್ಣಿನ ಒಳಪದರ ಸುಟ್ಟಿದೆ, ಆಪರೇಷನ್ನಿನಿಂದ ಆಗುವಂಥದ್ದಲ್ಲ ಎಂದರು ಡಾಕ್ಟರು. ಬಾಬಣ್ಣ ಕೇಳಿಸಿಕೊಂಡು, "ಹಾಗಾದ್ರೆ ಇನ್ನು ನನ್ನ ಬೆಸುಗೆ ನಂಬ್ಲಿಕ್ಕೆ ಆಗುವುದಿಲ್ಲ" ಎಂದರು. ಮರುದಿನದಿಂದ ಬೆಸುಗೆಯ ರಾಡು ಮುಟ್ಟಲಿಲ್ಲ. ಖಾಲಿದ್ ಎಷ್ಟು ಹೇಳಿದರೂ ಕೆಲಸವಿಲ್ಲದೆ ಶೆಡ್ಡಿನಲ್ಲಿ ಸುಮ್ಮನೆ ಕೂತು ಇರಲು ಒಪ್ಪಲಿಲ್ಲ. ಅವರ ಹೆಂಡತಿ ಸರೋಜಕ್ಕನಿಗೆ ನಾನೇ ಕಾಗದ ಬರೆದುಕೊಟ್ಟೆ, ಬರುತ್ತಿದ್ದಾರೆ ಎಂದು.

ವಿಮಾನ ನಿಲ್ದಾಣಕ್ಕೆ ಹೋದವರು ನಾವಿಬ್ಬರೇ, ಖಾಲಿದ್ ಮತ್ತು ನಾನು. ಬಾಬಣ್ಣ ಹೊಸ ಬಿಳಿ ಶರ್ಟು ಹಾಕಿ ಕಪ್ಪು ಕನ್ನಡಕ ಇಟ್ಟಿದ್ದರು. ಅವರ ಸೂಟ್‌ಕೇಸನ್ನು ಖಾಲಿದ್ ಹೊತ್ತಿದ್ದ, ಬೇರೆ ಯಾರಿಗೂ ಕೊಡಲಿಲ್ಲ. ಬಾಂಬೆಯ ಪ್ರಯಾಣಿಕರು ಒಳಗೆ ಹೋಗಬೇಕೆಂದು ಕರೆದಾಗ ಅವನು ಸೂಟ್‌ಕೇಸು ಕೆಳಗಿಟ್ಟು, ಎರಡೂ ಕೈಯಲ್ಲಿ ಬಾಬಣ್ಣನ ತಲೆ ಹಿಡಿದು, ಹಣೆಗೆ ಮುತ್ತಿಟ್ಟ. ಅವರಲ್ಲಿ ತಂದೆಗೆ, ಅಜ್ಜನಿಗೆ ಹಾಗೆ ಮಾಡುತ್ತಾರೆ. ಸಾಲಿನಲ್ಲಿದ್ದ ನಮ್ಮ ಕಡೆಯ ಕೆಲಸಗಾರರೆಲ್ಲ ಮಾತು ನಿಲ್ಲಿಸಿ ನೋಡಿದರು.

"ಏ, ಎಂಥದು ಮಾರಾಯ, ಜನ ನೋಡ್ತಾರೆ" ಎಂದರು ಬಾಬಣ್ಣ ಕನ್ನಡದಲ್ಲಿ. ಅವನಿಗೆ ಅರ್ಥವಾಗಿರಬೇಕು, ನಕ್ಕ. ನನ್ನ ಕಡೆ ತಿರುಗಿ, "ಬರ್ತೇನೆ ಬಾಯಮ್ಮ. ಊರಿಗೆ ಬಂದ್ರೆ ಕಾರ್ಕಳಕ್ಕೂ ಬನ್ನಿ" ಎಂದರು. ಬರುತ್ತೇನೆ ಎಂದೆ. ಹೋಗಲಾಗಲಿಲ್ಲ. ಎರಡು ವರ್ಷದ ಮೇಲೆ ಬಾಬಣ್ಣ ತೀರಿಕೊಂಡರು ಎಂದು ಸರೋಜಕ್ಕನ ಕಾಗದ ಬಂತು, ಖಾಲಿದನಿಗೆ ಓದಿ ಹೇಳಬೇಕಾದವಳು ನಾನೇ ಆದೆ.

ಆ ದಿನ ಒಬ್ಬ ಪ್ರಯಾಣಿಕ ಅವರ ಕೈ ಹಿಡಿದು ಒಳಗೆ ಕರೆದುಕೊಂಡು ಹೋದ. ಗಾಜಿನ ಬಾಗಿಲು ದಾಟಿ, ಕೊನೆಯ ತಿರುವಿನಲ್ಲಿ ಅವರು ನಿಂತರು. ಹಿಂದಕ್ಕೆ ತಿರುಗಿ ಕೈ ಬೀಸಿದರು. ಆದರೆ ನಾವಿದ್ದ ಕಡೆಗಲ್ಲ. ನಾವು ಎಡಕ್ಕಿದ್ದೆವು, ಅವರು ಬಲಗಡೆ, ಯಾರೂ ಇಲ್ಲದ ಒಂದು ಕಂಬದ ಕಡೆ ನೋಡಿ ನಗುತ್ತ ಕೈ ಬೀಸುತ್ತಿದ್ದರು. ನಾನು ಖಾಲಿದನ ಮುಖ ನೋಡಿದೆ, ಅವನು ನನ್ನ ಮುಖ ನೋಡಿದ. ಇಬ್ಬರೂ ಜನರನ್ನು ತಳ್ಳಿಕೊಂಡು ಓಡಿದೆವು. ಆ ಕಂಬದ ಹತ್ತಿರ ಹೋಗಿ ನಿಂತು, ಅವರು ಕೈ ಇಳಿಸುವವರೆಗೂ ಕೈ ಬೀಸಿದೆವು.